ಕೈಗವಸಿನೊಳಗಿನ ಕಿರುಬೆರಳು

ಚನ್ನವೀರಪ್ಪ ಅಂಗಡಿಯವರು ಜೋಕಾಲಿಯ ಮೇಲೆ ಕಣ್ಣು ಮುಚ್ಚಿ ಕುಳಿತು, ಬೂದು ಬಣ್ಣದ ಕೈಗವಸು ತೊಟ್ಟು, ಗಾಳಿಯಲ್ಲಿ ಯಾರದೋ ಹೊಟ್ಟೆ ಹೊಲಿಯುತ್ತಿದ್ದರು. ಕಿವಿಯಲ್ಲಿ ಡಾಕ್ಟರ್ ಇಂದುಮತಿ ಹುಲಕೋಟಿಯವರ ಧ್ವನಿ ತಮ್ಮ ಆತ್ಮಕಥೆ ಹೇಳುತ್ತಿತ್ತು. ಅವರ ಬೆರಳು ಅಂದು ಅನುಭವಿಸಿದ್ದು ಇವರ ಬೆರಳಿಗೆ ಇಂದು ಬರುತ್ತಿತ್ತು: ಸೂಜಿ ಚರ್ಮವನ್ನು ದಾಟುವಾಗಿನ ಬಿಗಿ, ದಾರದ ಜಗ್ಗಾಟ, ಒಳಗಿನ ಬೆಚ್ಚನೆಯ ಹಸಿ.

ಹುಬ್ಬಳ್ಳಿಯ ಸಂಶೋಧಕಿ ಫರ್ಜಾನಾ ಮುಲ್ಲಾ ಕಂಡುಹಿಡಿದ ಈ ಸಾಧನದ ಹೆಸರು ಸ್ಪರ್ಶಗ್ರಂಥ. ಮನುಷ್ಯ ಹಳೆಯದನ್ನು ನೆನೆದಾಗ ಆ ನೆನಪು ತಲೆಯಲ್ಲಷ್ಟೇ ಏಳುವುದಿಲ್ಲ, ಅಂದು ಕೆಲಸ ಮಾಡಿದ ಕೈಯ ನರಗಳಲ್ಲೂ ಸಣ್ಣಗೆ ಮಿಡಿಯುತ್ತದೆ. ಆ ಮಿಡಿತವೇ ಸ್ಪರ್ಶಸ್ಮೃತಿ. ಲೇಖಕರು ಕಥೆ ಹೇಳುವಾಗ ಅದನ್ನು ಹಿಡಿದಿಟ್ಟುಕೊಂಡು ಓದುಗರ ಕೈಗೆ ದಾಟಿಸುವುದು ಕೈಗವಸಿನ ಕೆಲಸ. ಶಸ್ತ್ರಕ್ರಿಯೆಗಳನ್ನೆಲ್ಲ ಯಂತ್ರಹಸ್ತಗಳೇ ಮಾಡುತ್ತಿದ್ದ ಕಾಲ ಅದು. ಆದರೂ ಜನ ಹಳೆಯ ಡಾಕ್ಟರರ ಕೈಗುಣವನ್ನು ಕೊಂಡಾಡುವುದು ಬಿಟ್ಟಿರಲಿಲ್ಲ. ಈ ಕೈಗುಣ ಎಂದರೇನೆಂದು ನೋಡಿಯೇ ಬಿಡೋಣ ಎಂದು ಫರ್ಜಾನಾ, ನಿವೃತ್ತರಾಗಿದ್ದ ಇಂದುಮತಿಯವರನ್ನು ಒಪ್ಪಿಸಿ ಆತ್ಮಕಥೆ ಹೇಳಲು ಕೂರಿಸಿದ್ದಳು. ರೋಗಿಗಳ ಗುಟ್ಟು ಹೊರಬೀಳಬಾರದೆಂದು ಡಾಕ್ಟರು ಹೆಸರು, ಊರು, ವಯಸ್ಸು ಎಲ್ಲವನ್ನೂ ಬದಲಿಸಿ ಹೇಳಿದ್ದರು.

ಚನ್ನವೀರಪ್ಪನವರು ಡ್ರಿಲ್ ಮಾಸ್ತರರಾಗಿದ್ದವರು. ಸೀಟಿ ಊದಿದರೆ ಮೈದಾನವೆಲ್ಲ ನೆಟ್ಟಗಾಗುತ್ತಿತ್ತು. ಅಂಥವರಿಗೆ ಆಪರೇಷನ್ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಶ್ರಾವಣ ಮುಗಿಯಲಿ ಎಂದರು, ಮುಗಿಯಿತು. ದಸರೆ ಆಗಲಿ ಎಂದರು, ಅದೂ ಆಯಿತು. ಇನ್ನು ತಡಮಾಡಿದರೆ ಕೀವು ತುಂಬಿ ಒಡೆದು ಜೀವಕ್ಕೇ ಅಪಾಯ ಎಂದು ಆಸ್ಪತ್ರೆಯವರು ಹೇಳಿದ್ದರು. ಅಂಜಿಕೆಯ ಜೊತೆಗೆ ನಾಚಿಕೆ ಬೇರೆ. ಏಕೆಂದರೆ ಹೆಂಡತಿ ಶಿವಲೀಲಾ ವರ್ಷಗಳ ಹಿಂದೆ ಇದೇ ಇಂದುಮತಿಯವರಿಂದ ಕರುಳಿನ ಆಪರೇಷನ್ ಮಾಡಿಸಿಕೊಂಡು, ಎಚ್ಚರವಾದೊಡನೆ, "ನನಗೇನೂ ಅಂಜಿಕಿ ಆಗಲಿಲ್ಲ ನೋಡ್ರಿ" ಎಂದಿದ್ದರು. ಕಿತ್ತೂರು ಸೀಮೆಯ ಹೆಣ್ಣೆಂದರೆ ಸುಮ್ಮನೆಯೇ ಎಂದು ಮಾಸ್ತರರು ಅಂದಿನಿಂದ ಬೀಗರ ಮುಂದೆಲ್ಲ ಹೇಳಿಕೊಂಡು ಬಂದಿದ್ದರು.

ಗಂಡನ ಅಂಜಿಕೆ ಸ್ವಲ್ಪವಾದರೂ ಕಡಿಮೆಯಾಗಲಿ ಎಂದು ಶಿವಲೀಲಾ ಗ್ರಂಥಾಲಯದಿಂದ ಈ ಪುಸ್ತಕ ತಂದುಕೊಟ್ಟರು. ಮಾಸ್ತರರು ಅದಕ್ಕೆ ಮರುಳಾಗಿಹೋದರು. ಡಾಕ್ಟರು ಕಲಿಯುವ ಕಾಲದಲ್ಲಿ ಸಿಕ್ಕ ಸಿಕ್ಕಲ್ಲಿ ಗಂಟು ಹಾಕುವ ಅಭ್ಯಾಸ ಮಾಡುತ್ತಿದ್ದರಂತೆ. ತಮ್ಮ ಮದುವೆಯಲ್ಲಿ ಸೆರಗಿಗೂ ಗಂಡನ ಶಲ್ಯಕ್ಕೂ ಹಾಕಿದ್ದ ಗಂಟಿನ ಮೇಲೆ ಕೂತಲ್ಲೇ ಇನ್ನೊಂದು ಶಸ್ತ್ರಗಂಟು ಬಿಗಿದು, ಕೊನೆಗೆ ಅದನ್ನು ಬಿಡಿಸಲು ಕತ್ತರಿಯೇ ಬೇಕಾಯಿತಂತೆ. ಅದನ್ನು ಓದಿ ಮಾಸ್ತರರು ಹೊಟ್ಟೆ ಹಿಡಿದು ನಕ್ಕರು. ಆ ಗಂಟು ಅವರ ಕೈಗೂ ಹತ್ತಿತು. ಮರುದಿನ ಜೋಳದ ಚೀಲದ ಬಾಯಿ ಯಾರಿಂದಲೂ ಬಿಚ್ಚಲಾಗಲಿಲ್ಲ.

"ಪುಸ್ತಕ ಓದ್ರಿ ಅಂದ್ರ ಚೀಲಕ್ಕ ಹೊಲಿಗಿ ಹಾಕಿ ಕುಂತೀರಿ," ಎಂದರು ಶಿವಲೀಲಾ. "ಇನ್ನ ರೊಟ್ಟಿ ಎದರದ್ದು ಬಡೀಲಿ?"

ಪುಸ್ತಕದ ನಡುವೆ ಗದಗಿನ ಮುದುಕಿಯೊಬ್ಬಳ ಪ್ರಸಂಗ ಬಂತು. ಆಪರೇಷನ್‌ಗೆಂದು ಕೈ ತೊಳೆದುಕೊಳ್ಳಲು ಹೋಗುವ ಮುಂಚೆ, ರೋಗಿಯ ಪಕ್ಕದಲ್ಲಿ ನಿಂತು ಸ್ವಲ್ಪ ಹೊತ್ತು ಅವರ ಕೈ ಹಿಡಿಯುವುದು ಇಂದುಮತಿಯವರ ರೂಢಿ. ಮಾಸ್ತರರ ಕೈಗವಸಿನೊಳಗೂ ಒಂದು ಕೈ ಬಂತು. ತಣ್ಣಗಾಗಿ ಬೆವರಿದ್ದ ಆ ಕೈ ಎಲುಬು ಮುರಿಯುವ ಹಾಗೆ ಬಿಗಿಯಾಗಿ ಹಿಡಿದಿತ್ತು. ನಾಲ್ಕು ಬೆರಳು ಮಡಚಿದ್ದವು. ಕಿರುಬೆರಳು ಮಾತ್ರ ಮಡಚದೆ ನೆಟ್ಟಗೆ ಹೊರಗೆ ನಿಂತಿತ್ತು.

ಚಿಕ್ಕಂದಿನಲ್ಲಿ ಬೀಸುಕಲ್ಲಿಗೆ ಸಿಕ್ಕು ಸೆಟೆದ ಆ ಬೆರಳನ್ನು ಮಾಸ್ತರರು ಧಾರೆಯ ದಿನ ಮೊದಲ ಸಲ ಹಿಡಿದಿದ್ದರು. ರೊಟ್ಟಿ ಬಡಿಯುವಾಗ ಬೇರೆಯಾಗಿ ನಿಲ್ಲುವ ಅದನ್ನು ದಿನವೂ ಚೇಷ್ಟೆ ಮಾಡುತ್ತಿದ್ದರು. ಗದಗಿನ ಮುದುಕಿ ಯಾರೆಂದು ಅವರಿಗೆ ಬೇರೆ ಯಾರೂ ಹೇಳಬೇಕಾಗಲಿಲ್ಲ. ಕೈಗವಸು ಕಳಚಿ ಅಡುಗೆಮನೆಗೆ ಹೋಗಿ, ಹಿಟ್ಟು ಮೆತ್ತಿದ ಹೆಂಡತಿಯ ಕೈಯನ್ನು ಹಾಗೆಯೇ ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ನೀ ಅಂಜಿದ್ದಿ," ಎಂದರು.

ಶಿವಲೀಲಾ ಇನ್ನೊಂದು ಕೈಯಿಂದ ಹಂಚಿನ ಮೇಲಿನ ರೊಟ್ಟಿ ತಿರುವಿದರು. "ಅಂಜಿದ್ನಿ. ಹೇಳಿದ್ರ ನೀವು ಅಲ್ಲೇ ಬಿದ್ದಬಿಡ್ತಿದ್ರಿ."

ಮರುದಿನ ಗಂಡಹೆಂಡತಿ ಪುಸ್ತಕ ಹಿಡಿದುಕೊಂಡು ಫರ್ಜಾನಾಳ ಬಳಿ ಹೋದರು; ಇಂದುಮತಿಯವರೂ ಅಲ್ಲಿದ್ದರು. ವಿಷಯ ಕೇಳಿ ಫರ್ಜಾನಾಳ ಮುಖ ಬಿಳಿಚಿತು. ಹೆಸರು ಬದಲಿಸಿದ್ದರು, ಊರು ಬದಲಿಸಿದ್ದರು. ಕೈಯನ್ನು ಬದಲಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕೈ ಹಿಡಿದ ಭಾಗಗಳನ್ನೆಲ್ಲ ಪ್ರತಿಯೊಂದು ಪ್ರತಿಯಿಂದಲೂ ಅಳಿಸುತ್ತೇನೆ, ಹೇಗೂ ಅದು ಶಸ್ತ್ರಕ್ರಿಯೆಯ ಭಾಗವಲ್ಲ ಎಂದಳು. ಇಂದುಮತಿಯವರು ನಡುಗುವ ಕೈಗಳನ್ನು ಜೋಡಿಸಿ ಶಿವಲೀಲಾರ ಕ್ಷಮೆ ಕೇಳಿದರು. ವಯಸ್ಸಿನ ನಡುಕ ಅದು.

ಶಿವಲೀಲಾ ಕೈಗವಸು ತೊಟ್ಟು ಆ ಪ್ರಸಂಗ ಹಚ್ಚಿಸಿಕೊಂಡರು. ತಮ್ಮ ಕೈಯನ್ನು ತಾವೇ ಡಾಕ್ಟರರ ಕಡೆಯಿಂದ ಹಿಡಿದು ನೋಡಿದರು. ಆಮೇಲೆ ಇಂದುಮತಿಯವರತ್ತ ತಿರುಗಿದರು.

"ನಾ ಇಷ್ಟ ಗಟ್ಟಿ ಹಿಡಿದಿದ್ನೇನ್ರಿ? ಪಾಪ, ನಿಮ್ಮ ಕೈ ಎಷ್ಟ ನೋವಾತೋ ಏನೋ."

ಫರ್ಜಾನಾಳಿಗೆ ಹೇಳಿದ್ದು ಇಷ್ಟೇ: "ನನ್ನ ಕೈ ಅಳಸಬ್ಯಾಡವಾ. ಅಂಜಿದವರು ಓದ್ಲಿ."

ಚಾಕು ಹಿಡಿದ ಭಾಗಗಳಲ್ಲೆಲ್ಲ ಕೈಗುಣವನ್ನು ಹುಡುಕಿ ಸೋತಿದ್ದ ಫರ್ಜಾನಾ ಆ ದಿನ ಏನನ್ನೂ ಅಳಿಸಲಿಲ್ಲ. ಉಳಿದ ರೋಗಿಗಳನ್ನೂ ಹುಡುಕಿ ಒಬ್ಬೊಬ್ಬರ ಒಪ್ಪಿಗೆ ಕೇಳಬೇಕೆಂದುಕೊಂಡಳು.

ಮಾಸ್ತರರು ಆ ವಾರವೇ ಆಪರೇಷನ್‌ಗೆ ಒಪ್ಪಿಕೊಂಡರು. ಕೆಲಸವೇನೋ ಯಂತ್ರಹಸ್ತದ್ದು. ಆದರೆ ನಿದ್ದೆ ಹತ್ತುವವರೆಗೆ ತಾವು ಪಕ್ಕದಲ್ಲಿರಲು ಇಂದುಮತಿಯವರು ಆಸ್ಪತ್ರೆಯವರ ಅನುಮತಿ ಕೇಳಿ ಒಳಗೆ ಹೋದರು. ಶಿವಲೀಲಾ ಹೊರಗೆ ಬೆಂಚಿನ ಮೇಲೆ ಕುಳಿತರು. ತುಸು ಹೊತ್ತಿಗೆ ಡಾಕ್ಟರು ಬಲಗೈ ಝಾಡಿಸುತ್ತ ಹೊರಗೆ ಬಂದು, ಬೆರಳುಗಳನ್ನು ತಿಕ್ಕಿಕೊಳ್ಳುತ್ತ ಪಕ್ಕದಲ್ಲಿ ಕುಳಿತರು.

"ನಿಮ್ಮ ಮಾಸ್ತರರು ಮಲ್ಲಕಂಬ ಹಿಡದಂಗ ಹಿಡದ್ರು ನೋಡ್ರಿ," ಎಂದರು.

ಸಂಜೆ ಮಾಸ್ತರರಿಗೆ ಎಚ್ಚರವಾಯಿತು. ಕಲ್ಲು ಹೋಗಿತ್ತು, ಜೀವ ಉಳಿದಿತ್ತು. ಹೆಂಡತಿಯ ಮುಖ ಕಂಡೊಡನೆ ಒಣಗಿದ ತುಟಿಯನ್ನು ಒದ್ದೆ ಮಾಡಿಕೊಂಡು, "ನನಗೇನೂ ಅಂಜಿಕಿ ಆಗಲಿಲ್ಲ ನೋಡು," ಎಂದರು.

ಶಿವಲೀಲಾ ಹೊದಿಕೆ ಸರಿಮಾಡಿ, ಅವರ ಕೈಯನ್ನು ತಮ್ಮ ಕೈಯೊಳಗೆ ತೆಗೆದುಕೊಂಡರು.

"ಹೌದ್ರಿ," ಎಂದರು. "ನನಗೂ ಆಗಿರಲಿಲ್ಲ."