ಮುಷ್ಟಿಯೊಳಗಿನ ಸದ್ದು

ಕಣದಲ್ಲಿ ಹರವಿದ್ದ ಕಾಫಿಹಣ್ಣನ್ನು ಕಾಲಿನಿಂದ ಕೆದಕುತ್ತಿದ್ದ ಪ್ರೇಮಕುಮಾರಿ, ಒಂದು ಮುಷ್ಟಿ ಎತ್ತಿ ಕಿವಿಯ ಬಳಿ ಅಲ್ಲಾಡಿಸಿದಳು. ಒಣಗಿ ಹದವಾಗಿದ್ದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಎನ್ನಲಿಲ್ಲ.

“ಇನ್ನೂ ಎರಡು ಬಿಸಿಲು ಬೇಕು, ಅಲ್ವಾ?”

ಬೆನ್ನ ಹಿಂದಿನ ಆ ದನಿ... 

ರೇಣುಕಪ್ರಸಾದ್! ಟಿ.ವಿ.ಯ ಹಾಸ್ಯ ಧಾರಾವಾಹಿಯಲ್ಲಿ ಪಕ್ಕದ ಮನೆಯ ‘ಸಂಶಯದ ಶಂಕರಪ್ಪ’ನಾಗಿ ಊರೂರಿಗೂ ಗೊತ್ತಾದವನು. ಅದಕ್ಕೂ ಮೊದಲು ಕಳಸದ ಜವಳಿ ಅಂಗಡಿಯ ಹುಡುಗ. “ನನ್ನನ್ನ ಮದುವೆ ಆಗ್ತೀಯಾ? ಯೋಚಿಸಿ ಕಾಗದ ಬರಿ” ಎಂದು ಬೆಂಗಳೂರಿನ ಬಸ್ಸು ಹತ್ತಿದ್ದವನು.

ಅವಳು ಬರೆದಿದ್ದಳು. ಅಂಚೆಗೆ ಹಾಕುವ ಮುನ್ನವೇ ಅವನ ಮೊದಲ ಕಂತು ಬಂತು. ಶಂಕರಪ್ಪ ಬೆಂಕಿಪೊಟ್ಟಣವನ್ನು ಕಿವಿಯ ಬಳಿ ಅಲ್ಲಾಡಿಸಿದ, ಎಲ್ಲರೂ ನಕ್ಕರು. ಅವಳದೇ ಮುಷ್ಟಿ, ಅವಳದೇ ಓರೆಗತ್ತು... ಆ ಕ್ಷಣವೇ ಟಿ.ವಿ. ಆರಿಸಿದ್ದಳು. ಕಾಗದ ಎರಡು ವರ್ಷದಿಂದ ಪೆಟ್ಟಿಗೆಯ ತಳದಲ್ಲಿತ್ತು.

“ಇನ್ನೇನು ಕದಿಯೋಕೆ ಬಂದ್ರಿ? ನನ್ನ ನಡಿಗೆ ಬಾಕಿ ಇದೆ.”

“ಪ್ರೇಮಾ... ಶಂಕರಪ್ಪನ ಪಾತ್ರ ಮುಗೀತು. ಇವತ್ತು ಸಂಜೆ ಕೊನೇ ಕಂತು. ನಾಳೆ ಬೆಳಗ್ಗೆ ಬಸ್ಸಿಗೆ ಹೋಗ್ತೀನಿ. ಇಲ್ಲ ಅಂತಾದ್ರೂ ಹೇಳು.”

ಅವನ ಕಣ್ಣು ತೇವವಾಗಿತ್ತು.

‘ಇದೂ ಅಭಿನಯವೇ ಇರಬಹುದು...’ ಅವಳು ಮತ್ತೆ ಕಾಫಿ ಕೆದಕತೊಡಗಿದಳು.

ಸಂಜೆ ಅಮ್ಮ ವಿಶಾಲಾಕ್ಷಮ್ಮ ಟಿ.ವಿ. ಹಾಕುತ್ತಲೇ ಪ್ರೇಮಕುಮಾರಿ ಎದ್ದು ಹೊರಟಳು.

“ಕೂತ್ಕೊಳೇ ಮಾರಾಯ್ತಿ. ಒಂದು ದಿನ ಆದ್ರೂ ಕೊನೆವರೆಗೆ ನೋಡಿದ್ಯಾ? ಕಾಫಿಯನ್ನ ಮುಷ್ಟಿಮುಷ್ಟಿ ಪರೀಕ್ಷೆ ಮಾಡ್ತೀಯ. ಮನುಷ್ಯನನ್ನ ಮಾತ್ರ ಅಲ್ಲಾಡಿಸಿಯೂ ನೋಡದೆ ಎಸೆದುಬಿಟ್ಟೆ.”

ಕೂತಳು.

ಪರದೆಯಲ್ಲಿ ನೆಂಟನೊಬ್ಬ ಚಿನ್ನದ ಸರವೆಂದು ಡಬ್ಬಿ ಕೊಟ್ಟ. ಶಂಕರಪ್ಪ ಅಲ್ಲಾಡಿಸಿ, “ಕಲ್ಲು” ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೊನೆಗೆ ತೆರೆದರೆ ಬೆಣಚುಕಲ್ಲೇ. ನಕ್ಕವರೆಲ್ಲ ತಲೆ ತಗ್ಗಿಸಿದರು.

“ಎಲ್ಲಿ ಕಲಿತ್ಯೋ ಶಂಕರಪ್ಪ?” ಎಂದ ನೆಂಟ.

“ನಮ್ಮೂರಲ್ಲಿ ಒಬ್ಬಳಿದ್ದಾಳೆ. ಅವಳ ಕಿವಿ ಒಂದು ದಿನವೂ ತಪ್ಪಿಲ್ಲ.”

“ಪ್ರತಿ ವಾರ ಹೀಗೇ,” ಎಂದರು ಅಮ್ಮ. “ನಗೋದು ಎಲ್ಲರೂ, ಸರಿ ಹೇಳೋದು ಅವನೊಬ್ಬನೇ.”

ಪ್ರೇಮಕುಮಾರಿ ಎದ್ದು ಪೆಟ್ಟಿಗೆಯ ತಳಕ್ಕೆ ಕೈ ಹಾಕಿದಳು. ‘ತಪ್ಪಿತು... ಎರಡು ವರ್ಷ ತಪ್ಪಿತು.’

ಬೆಳಗ್ಗೆ ಬಸ್ ಸ್ಟ್ಯಾಂಡಿನ ಅಂಚೆ ಡಬ್ಬಿಯ ಪಕ್ಕ, ಹಳದಿಗೆ ತಿರುಗಿದ ಲಕೋಟೆ ಹಿಡಿದು ನಿಂತಿದ್ದಳು. ಅವನು ವಿಳಾಸ ಓದಿದ.

“ನನಗೇ ಬರೆದಿದ್ದೀಯ. ಕೈಗೇ ಕೊಡು.”

“ಊಹುಂ. ಇನ್ನೂ ಎರಡು ಬಿಸಿಲು ಕಾಯಿರಿ.”

“ಒಳಗೆ ಏನಿದೆ ಅಂತಾದ್ರೂ...”

ಅವಳು ಲಕೋಟೆಯನ್ನು ಅವನ ಕಿವಿಯ ಬಳಿ ಅಲ್ಲಾಡಿಸಿದಳು. ಅಂದು ಕಾಗದದ ಜೊತೆ ಹಾಕಿದ್ದ ಒಂದೇ ಒಂದು ಕಾಫಿಹಣ್ಣು ಗಲಗಲ ಎಂದಿತು.

“ಒಣಗಿದೆ,” ಎಂದ.

“ಆವತ್ತೇ ಒಣಗಿತ್ತು,” ಎಂದು ಅವಳು ಲಕೋಟೆಯನ್ನು ಡಬ್ಬಿಗೆ ಹಾಕಿದಳು.