ಏಳೂಕಾಲಕ್ಕೆ ಹೋದ ಕರೆಂಟು

“ನಿಮ್ಮ ಅಪ್ಪಾರು ರವಿವಾರ ಸಂಜಿ ಬರೋಬ್ಬರಿ ಏಳೂಕಾಲಕ್ಕ ಕರೆಂಟ್ ಯಾಕ ತೆಗಿತಿದ್ರು?”

ಹೆಣ್ಣು ನೋಡಲು ಬಂದವನಿಗೆ ಹುಡುಗಿ ಕೇಳಿದ ಮೊದಲ ಪ್ರಶ್ನೆ ಇದು. ಪಾಪ, ಭೀಮಶಿಯ ಕೈಯಲ್ಲಿದ್ದ ಉಪ್ಪಿಟ್ಟಿನ ತಾಟು ಅಲ್ಲೇ ನಿಂತಿತು. ಪಗಾರ ಎಷ್ಟು, ಸೇದುತ್ತೀರೇನು, ಕುಡಿಯುತ್ತೀರೇನು ಎಂಬುದಕ್ಕೆಲ್ಲ ಉತ್ತರ ಕಟ್ಟಿಕೊಂಡು ಬಂದವನಂತೆ ಕಾಣುತ್ತಿದ್ದ. ಈ ಪ್ರಶ್ನೆ ಮಾತ್ರ ಅವನ ಲೆಕ್ಕದಲ್ಲೇ ಇರಲಿಲ್ಲ.

ತಪ್ಪು ಶೈಲಾಳದೂ ಅಲ್ಲ. ಐದು ನಿಮಿಷದ ಹಿಂದೆ ಪಡಸಾಲೆಯಲ್ಲಿ ಅವನ ತಾಯಿ ಸುಂದರವ್ವ ಬಾಯ್ತುಂಬ ಹೇಳಿದ್ದಳು: “ನಮ್ಮ ಮನಿಯವ್ರು ಇದ ಬನಹಟ್ಟಿ ಸಬ್‌ಸ್ಟೇಷನ್‌ದಾಗ ಹದಿನಾಕ ವರ್ಷ ಆಪರೇಟರ್ ಇದ್ರು. ಊರ ಕರೆಂಟೆಲ್ಲಾ ಇವ್ರ ಕೈಯಾಗ ಇತ್ರಿ.” ಅದನ್ನು ಕೇಳಿದೊಡನೆ ಶೈಲಾಳಿಗೆ ಇಪ್ಪತ್ತು ವರ್ಷದ ಸಿಟ್ಟು ಒಮ್ಮೆಲೇ ನೆತ್ತಿಗೇರಿತ್ತು.

“ಲೋಡ್ ಶೆಡ್ಡಿಂಗ್ ಇತ್ರಿ ಆವಾಗ,” ಎಂದ ಭೀಮಶಿ ಮೆಲ್ಲಗೆ. “ಮ್ಯಾಲಿಂದ ಆರ್ಡರ್ ಬರ್ತಿತ್ತು.”

“ಆರ್ಡರ್ ಕೊಟ್ಟವ್ರಿಗೆ ಏಳಕ್ಕ ಸೀರಿಯಲ್ ಇರ್ತೈತಿ ಅಂತ ಗೊತ್ತಿದ್ದಿಲ್ಲೇನ್ರಿ? ಹನ್ನೊಂದನೇ ಮೆಟ್ಟಿಲು!”

ಅವನ ಹುಬ್ಬು ಮೇಲೇರಿತು. “ವಾರಾ ಒಂದ ದೆವ್ವದ ಕಥಿ ಬರ್ತಿತ್ತಲ್ಲ, ಅದಾ? ಅದು ಹನ್ನೆರಡನೇ ಮೆಟ್ಟಿಲು ಅಲ್ಲೇನ್ರಿ?”

“ಹನ್ನೊಂದು.”

“ಹನ್ನೆರಡ ಅನಸ್ತೈತಿ.”

“ಹನ್ನೊಂದ ಅಂದ್ನೆಲ್ರಿ!”

ಬಾಗಿಲ ಬಳಿ ಮಗ್ಗದ ನೂಲಿನ ಕಂಡಿಕೆ ಸುತ್ತುತ್ತ ಕುಳಿತಿದ್ದ ಆಯಿ, ಅಂದರೆ ಶೈಲಾಳ ಅಜ್ಜಿ ಹಣಮವ್ವ, ರಾಟೆ ನಿಲ್ಲಿಸಿ ಇಬ್ಬರನ್ನೂ ನೋಡಿದಳು. ಮದುವೆಗೆ ಮೊದಲೇ ಜಗಳ ಶುರುವಾಯಿತಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿ.

ಶೈಲಾಳಿಗೂ ಖುಷಿಯೇ. ಆ ಸೀರಿಯಲ್ಲನ್ನು ನೆನಪಿಟ್ಟುಕೊಂಡ ಇನ್ನೊಂದು ಜೀವ ಅವಳಿಗೆ ಇದುವರೆಗೆ ಸಿಕ್ಕಿರಲಿಲ್ಲ. ಗೆಳತಿಯರು “ನಿನಗ ಕನಸ ಬಿದ್ದಿರಬೇಕ ಬಿಡು” ಎನ್ನುತ್ತಿದ್ದರು. ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಮನೆ ಕಟ್ಟುವವರು ಮೆಟ್ಟಿಲಿಗೆ ಎಷ್ಟು ಇಂಚು ಎತ್ತರ ಇಡಬೇಕೆಂಬ ಲೆಕ್ಕ ಬರುತ್ತಿತ್ತು. ಅವಳಿಗೆ ಒಂಬತ್ತು ವರ್ಷವಿದ್ದಾಗ ಬಂದು ಹೋದದ್ದು ಅದು. ಏಳಕ್ಕೆ ಶುರು, ಏಳೂಕಾಲಕ್ಕೆ ಕತ್ತಲು. ಹದಿಮೂರು ಕಥೆಗಳಲ್ಲಿ ಒಂದರ ಕೊನೆಯೂ ಅವಳಿಗೆ ಗೊತ್ತಿಲ್ಲ.

“ನಿಮ್ಮ ಕ್ವಾರ್ಟರ್ಸಿಗೆ ಕರೆಂಟ್ ಇರ್ತಿತ್ತೇನು?”

“ಸಬ್‌ಸ್ಟೇಷನ್ ಒಳಗಿನ ಮನಿ. ಅದಕ್ಕ ಯಾರ ತೆಗಿತಾರ?”

“ಅಂದ್ರ ನೀವು ಎಲ್ಲಾ ಪೂರ್ತಿ ನೋಡೀರಿ!”

ಅವಳ ಮುಖ ಆಗ ಹೇಗೆ ಅರಳಿತೆಂದರೆ, ಎದುರಿಗೆ ಕುಳಿತವನು ಯಾವನೇ ಆಗಿದ್ದರೂ ಹೂಂ ಎನ್ನುತ್ತಿದ್ದ. ಭೀಮಶಿ ಎಡಗಿವಿಯ ಹಿಂದೆ ಒಮ್ಮೆ ಕೆರೆದುಕೊಂಡು ಹೂಂ ಎಂದ.

ಅದಾದ ಮೇಲೆ ಶೈಲಾ ತನ್ನ ಒಂದೇ ಒಂದು ಶರತ್ತು ಹೇಳಿದಳು. ಇದಕ್ಕೂ ಮೊದಲು ಐದು ಗಂಡುಗಳಿಗೆ ಅವಳು ಒಲ್ಲೆ ಅಂದಿದ್ದಳು. ಒಬ್ಬ ಗುಟಕಾ ಮುಟ್ಟುವುದಿಲ್ಲ ಅಂದಿದ್ದ, ಜೇಬಿನಿಂದ ಚೀಟಿ ಇಣುಕುತ್ತಿತ್ತು. ಇನ್ನೊಬ್ಬ ಎಂಜಿನಿಯರ್ ಅಂದಿದ್ದ, ಮೂರನೇ ಸೆಮಿಸ್ಟರಿಗೇ ಕಾಲೇಜು ಬಿಟ್ಟಿದ್ದ. “ಕಪ್ಪಗಿರಲಿ, ಬೆಳ್ಳಗಿರಲಿ, ನನಗೇನಿಲ್ಲ. ಸುಳ್ಳ ಹೇಳಬಾರದು, ಅಷ್ಟ.”

ಭೀಮಶಿ ತಲೆಯಾಡಿಸಿದ. ಆದರೆ ಆ ತಲೆ ಬಹಳ ನಿಧಾನವಾಗಿ ಆಡಿತು. ನಾಚಿಕೆ ಸ್ವಭಾವ ಇರಬೇಕು ಎಂದುಕೊಂಡಳು ನಮ್ಮ ಹುಡುಗಿ.

ಮದುವೆಗೆ ಹೂಂ ಎನ್ನುವುದಕ್ಕೆ ಇಬ್ಬರೂ ಸ್ವಲ್ಪ ದಿನದ ಗಡುವು ಕೇಳಿದರು. ಹಿರಿಯರೂ ಒಪ್ಪಿದರು. ಭೀಮಶಿ ಮುಧೋಳದ ಕಡೆ ಲೈನ್‌ಮನ್. ವಾರವಿಡೀ ಕಂಬ ಹತ್ತಿ ಇಳಿದು, ರವಿವಾರ ಮಧ್ಯಾಹ್ನ ಬೈಕ್ ಮೇಲೆ ಬನಹಟ್ಟಿಗೆ ಬರತೊಡಗಿದ. ಶೈಲಾ ಮಗ್ಗದವರಿಗೆ ಸೀರೆ ಸೆರಗಿನ ಡಿಸೈನ್ ಬರೆದುಕೊಡುವವಳು. ಅವಳ ಕೆಲಸದ ಕೋಣೆಯಲ್ಲಿ ಒಂದು ಕಂಪ್ಯೂಟರ್, ಒಂದು ಮೇಜು, ರಾಶಿ ಗ್ರಾಫ್ ಕಾಗದ. ಬಾಗಿಲು ತೆರೆದೇ ಇರುತ್ತಿತ್ತು. ಹೊಸ್ತಿಲ ಮೇಲೆ ಆಯಿ, ಆಯಿಯ ಮುಂದೆ ರಾಟೆ.

ಪದ್ಧತಿ ತಾನಾಗಿಯೇ ಬಿತ್ತು. ಶೈಲಾ ಒಂದು ಕಥೆಯ ಅರ್ಧ ನೆನಪಿಸಬೇಕು, ಮುಂದಿನ ವಾರ ಅವನು ಉಳಿದರ್ಧ ಹೇಳಬೇಕು. “ಈಗ ಹೇಳಿದ್ರ ಮುಂದ್ಲ ವಾರ ಬರಾಕ ನನಗೇನ ನೆವ?” ಎಂದಿದ್ದ. ಅವಳು ಪೆನ್ಸಿಲ್ ಕಡಿಯುತ್ತ ಕಾಗದದತ್ತ ನೋಡಿದ್ದಳು. ಕಿವಿ ಮಾತ್ರ ಕೆಂಪಾಗಿದ್ದವು.

“ಸತ್ತ ಕಂಡಕ್ಟರನ ಬಸ್ಸು,” ಎಂದಳು ಮೊದಲ ವಾರ. “ಎಲ್ಲಾ ಬಸ್ಸು ಹ್ವಾದ ಮ್ಯಾಲೆ ಒಂದ ಬಸ್ಸು ಬರ್ತೈತಿ. ಕಂಡಕ್ಟರ್ ಒಬ್ಬೊಬ್ಬರ ಮುಖಾ ದಿಟ್ಟಿಸಿ ನೋಡ್ತಾನ. ಟಿಕೆಟ್ ಕೊಡೂದಿಲ್ಲ. ಮುಂದ?”

ಮರುವಾರ ಅವನು ಕಿವಿ ಕೆರೆದುಕೊಂಡು ಶುರು ಮಾಡಿದ. “ಅಂವಾ ಯಾರನ್ನೂ ಒಯ್ಯಾಕ ಬಂದಿರೂದಿಲ್ರಿ. ಒಬ್ಬ ಮುದುಕಿ ಬಸ್ಸಿನ್ಯಾಗ ತನ್ನ ಕೊಡೆ ಮರ್ತಿರ್ತಾಳ. ಅದನ್ನ ಆಕಿ ಕೈಯಾಗ ಕೊಟ್ಟ ಮ್ಯಾಲೆ ಬಸ್ಸು ಬರೂದ ನಿಂತ ಹೋಗ್ತೈತಿ.”

“ಇಷ್ಟಕ್ಕ ನಾ ಆ ರಾತ್ರಿ ಹೆದರಿ ಸತ್ತಿದ್ನೇನು!” ಶೈಲಾ ನಕ್ಕುಬಿಟ್ಟಳು.

ಇನ್ನೊಂದು ವಾರ ಫೋಟೋ ಸ್ಟುಡಿಯೋದ ಕಥೆ. ತೆಗೆದ ಪ್ರತಿ ಫೋಟೋದಲ್ಲೂ ಯಾರೋ ಒಬ್ಬಳು ಹೆಚ್ಚಿಗೆ ನಿಂತಿರುತ್ತಾಳೆ. “ಆಕಿ ಫೋಟೋದಾಂವನ ಹೆಂಡ್ತಿ,” ಎಂದ ಭೀಮಶಿ. “ಊರವರದೆಲ್ಲಾ ಫೋಟೋ ತೆಗದ, ಆಕೀದ ಒಂದೂ ತೆಗದಿರೂದಿಲ್ಲ. ಕಡೀಕ ಅಂವಾ ಖಾಲಿ ಕುರ್ಚಿ ಇಟ್ಟು, ‘ಕುಂದರ ಬಾ, ನಿಂದೊಂದ ತೆಗಿತೀನಿ’ ಅಂತಾನ. ಆ ಫೋಟೋದಾಗ ಆಕಿ ನಗತಿರ್ತಾಳ.”

ಆಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಶೈಲಾ ಒರೆಸಿಕೊಳ್ಳಲಿಲ್ಲ, ಆದರೆ ಗ್ರಾಫ್ ಕಾಗದದ ಮೇಲೆ ಒಂದು ಹನಿ ಬಿದ್ದು ನವಿಲಿನ ಕುತ್ತಿಗೆ ಅಳಿಸಿಹೋಯಿತು. ಭೀಮಶಿ ಆ ಹನಿಯನ್ನು ನೋಡಿದ, ಅವಳನ್ನು ನೋಡಿದ, ನಂತರ ಗಡಿಬಿಡಿಯಿಂದ ಕಿಟಕಿ ನೋಡಿದ. ಕಂಬ ಹತ್ತಿ ಒರಟಾದ ಅವನ ಅಂಗೈ ಮೇಜಿನ ಮೇಲಿತ್ತು. ಅದರ ಪಕ್ಕದಲ್ಲೇ ತನ್ನ ಕೈ ಇಟ್ಟರೆ ಏನಾದೀತು ಎಂದು ಅವಳು ಇಡೀ ವಾರ ಯೋಚಿಸಿದಳು. ಒಂದು ಸೆರಗಿನ ಡಿಸೈನ್ ಎರಡು ಸಲ ಕೆಟ್ಟಿತು.

ಒಂದು ಕಥೆಯನ್ನು ಮಾತ್ರ ಅವನು ಮುಂದೂಡುತ್ತಲೇ ಬಂದ. ಶೈಲಾಳಿಗೆ ಬೇಕಾದದ್ದು ಅದೇ. ನೇಕಾರ ಸತ್ತು ಬೀಗ ಹಾಕಿದ ಮನೆಯಲ್ಲಿ ಮಗ್ಗ ತಾನೇ ನೇಯುತ್ತದೆ. ಜನ ಕಿಟಕಿಯಿಂದ ಇಣುಕುತ್ತಾರೆ. ಸೀರೆ ಬೆಳೆಯುತ್ತ ಬೆಳೆಯುತ್ತ ಸೆರಗಿಗೆ ಬಂದಿದೆ, ಸೆರಗಿನಲ್ಲಿ ಒಂದು ಹೆಸರು ಮೂಡಬೇಕು. ಅಷ್ಟರಲ್ಲಿ ಕರೆಂಟು ಹೋಗಿತ್ತು.

“ಯಾರ ಹೆಸರ್ರಿ ಅದು? ಅದೊಂದ ಹೇಳಿಬಿಡ್ರಿ.”

“ಅದು ಕಡೀಕ ಇರಲಿ,” ಎನ್ನುತ್ತಿದ್ದ ಅವನು.

ಹೀಗಿರುವಾಗ ಒಂದು ಬುಧವಾರ ಶೈಲಾ ಬೆಲ್ಲ ತರಲು ಮಹಾಲಿಂಗಪುರದ ಪೇಟೆಗೆ ಹೋದಳು. ಅಂಗಡಿಯ ಮುಂದೆ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ರುಚಿ ನೋಡುತ್ತ ನಿಂತವಳು ಯಾರು? ಸುಂದರವ್ವ!

“ಯವ್ವಾ ಶೈಲಾ! ಈ ಬೆಲ್ಲ ಬ್ಯಾಡ, ಉಪ್ಪೈತಿ. ಬಾ ಇತ್ಲಾಗ.” ಕೈ ಹಿಡಿದು ಮುಂದಿನ ಅಂಗಡಿಗೆ ಎಳೆದೊಯ್ದಳು. “ಏನ ಮೋಡಿ ಮಾಡೀಯೋ ನಮ್ಮ ಹುಡುಗಗ! ಶನಿವಾರ ಬಂತಂದ್ರ ನೋಟಬುಕ್ ಹಿಡ್ಕೊಂಡ ಕುಂದ್ರತಾನ. ‘ಅವ್ವಾ, ದೆವ್ವಕ್ಕ ಏನ ಬೇಕಾಗಿರ್ತೈತಿ?’ ಅಂತ ಕೇಳ್ತಾನ. ನನಗೇನ ಗೊತ್ತು, ನಾ ಏನ ದೆವ್ವನ?”

ಶೈಲಾ ನಗುತ್ತಿದ್ದವಳು ನಿಂತಳು. “ನೋಟಬುಕ್ ಯಾಕ ಬೇಕ್ರಿ ಅತ್ತಿ? ಅವರು ಎಲ್ಲಾ ನೋಡ್ಯಾರಲ್ಲ.”

“ಎಲ್ಲಿ ನೋಡ್ಯಾನ! ಅಂಜುಬುರುಕ. ಅರ್ಧಾ ಆಗೂದ್ರಾಗ ಓಡಿ ಬಂದು ಅಡಗಿಮನ್ಯಾಗ ನನ್ನ ಸೀರಿ ಹಿಡ್ಕೊಂಡ ನಿಂತಿರ್ತಿದ್ದ. ಹನ್ನೆರಡ ವರ್ಷದ ಕ್ವಾಣ!”

ಸುಂದರವ್ವ ಹೊಟ್ಟೆ ಹಿಡಿದು ನಕ್ಕಳು. ಶೈಲಾ ಬೆಲ್ಲ ಮರೆತು ಬಸ್ ಹತ್ತಿದಳು.

ದಾರಿಯುದ್ದಕ್ಕೂ ಅವಳ ಎದೆ ಉರಿಯುತ್ತಿತ್ತು. ಎಲ್ಲಾ ಸುಳ್ಳು. ಪ್ರತಿ ಕಥೆಗೂ ಮೊದಲು ಅವನು ಕಿವಿ ಕೆರೆದುಕೊಳ್ಳುತ್ತಿದ್ದದ್ದು ಇದಕ್ಕೇ. ಕೊಡೆ ಸುಳ್ಳು, ಖಾಲಿ ಕುರ್ಚಿ ಸುಳ್ಳು, ಅವಳ ಕಣ್ಣೀರು ಬಿದ್ದ ಕಾಗದ ಒಂದೇ ಖರೆ. ಒಂದೇ ಒಂದು ಶರತ್ತು ಹಾಕಿದ್ದೆನಲ್ಲ! ಆರನೆಯವನೂ ಅಷ್ಟೇನಾ? ಆದರೂ ಹಾಳು ಮನಸ್ಸು ಸುಮ್ಮನಿರಬೇಕಲ್ಲ. ಕಂಬದ ಮೇಲೆ ನೇತಾಡುತ್ತ, ದೆವ್ವಕ್ಕೇನು ಬೇಕಿರಬಹುದೆಂದು ಯೋಚಿಸುವ ಒಬ್ಬ ಲೈನ್‌ಮನ್ ಅದರ ಕಣ್ಣಿಗೆ ಕಟ್ಟುತ್ತಿದ್ದ. ಅವಳಿಗೆ ಅವನ ಮೇಲೆ ಸಿಟ್ಟು, ತನ್ನ ಮೇಲೆ ಅದಕ್ಕಿಂತ ದೊಡ್ಡ ಸಿಟ್ಟು.

ಬನಹಟ್ಟಿಯಲ್ಲಿ ಇಳಿಯುವಷ್ಟರಲ್ಲಿ ನಿರ್ಧಾರವಾಗಿತ್ತು. ಬರುವ ರವಿವಾರ ಮಗ್ಗದ ಕಥೆಯನ್ನೇ ಕೇಳುವುದು. ಇನ್ನೊಂದು ಕಟ್ಟುಕಥೆ ಬಂತೋ, ಅಪ್ಪನಿಗೆ ಒಲ್ಲೆ ಅಂದುಬಿಡುವುದು. ಮುಂದೆ ಅತ್ತರೂ ಚಿಂತೆಯಿಲ್ಲ.

ರವಿವಾರ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಶೈಲಾ ಚಹಾ ಕೊಟ್ಟಳು, ಮುಖ ಕೊಡಲಿಲ್ಲ.

“ಇವತ್ತ ಮಗ್ಗದ ಕಥಿ. ಹೆಸರು ಯಾರದು?”

ಅವನ ಕೈ ಎಡಗಿವಿಯತ್ತ ಹೋಯಿತು.  ಬ್ಯಾಡ, ಕೆರಕೋಬ್ಯಾಡ, ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

ಅದೇ ಹೊತ್ತಿಗೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಓಣಿಯ ಮಗ್ಗಗಳೆಲ್ಲ ಒಟ್ಟಿಗೇ ಸುಮ್ಮನಾದವು. ಬನಹಟ್ಟಿಯಲ್ಲಿ ಅಂಥ ಮೌನ ಅಪರೂಪ. ಹೊಸ್ತಿಲ ಮೇಲೆ ಆಯಿ ಬಳೆ ಸರಿಸಿಕೊಂಡದ್ದೂ ಕೇಳಿಸಿತು.

ಭೀಮಶಿ ಕೈ ಕೆಳಗಿಳಿಸಿದ. “ನನಗ ಗೊತ್ತಿಲ್ರಿ.”

“ಉಳದದ್ವು?”

“ಅವೂ ಗೊತ್ತಿಲ್ಲ. ಎಲ್ಲಾ ನಾನ ಕಟ್ಟೀನಿ. ಮೊದಲನೇ ದಿನ ನೀವು ಹಂಗ ನೋಡಿದ್ರಿ, ಇಲ್ಲ ಅನ್ನಾಕ ಬಾಯಿ ಬರಲಿಲ್ಲ. ಆಮ್ಯಾಲೆ ಸುಳ್ಳ ಹೇಳಬಾರ್ದು ಅಂದ್ರಿ. ಅಷ್ಟರಾಗ ಹೇಳಿ ಆಗಿತ್ತು.” ಅವನು ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದಿದ್ದ. “ಇದೊಂದಕ್ಕ ಕಟ್ಟಾಕ ಆಗಲಿಲ್ಲ. ಇಪ್ಪತ್ತ ವರ್ಷ ಕಾದೀರಿ ನೀವು. ಸುಳ್ಳ ಹೆಸರು ಹೆಂಗ ಹೇಳ್ಲಿ?”

ಶೈಲಾ ಮೇಜಿನ ಮೇಲೆ ಕೈ ಊರಿದಳು. ಅಳು ಬರುತ್ತಿದೆಯೋ ನಗು ಬರುತ್ತಿದೆಯೋ ಅವಳಿಗೇ ತಿಳಿಯಲಿಲ್ಲ.

“ಏಳೂಕಾಲಕ್ಕ ಅಪ್ಪ ಸ್ವಿಚ್ ತೆಗಿಯಾಕ ಎದ್ದ ಹೋಗ್ತಿದ್ದ,” ಎಂದ ಅವನು. “ಅಪ್ಪ ಇಲ್ಲದ ನನಗ ಟೀವಿ ಮುಂದ ಒಬ್ಬನ ಕೂಡಾಕ ಧೈರ್ಯ ಸಾಲ್ತಿದ್ದಿಲ್ಲ. ಮಗ್ಗದ ಕಥಿ ಬಂದ ದಿನದ್ದಂತೂ ಕೇಳಬ್ಯಾಡ್ರಿ. ತಿರಗಿ ಕರೆಂಟ್ ಬಂದ ಕೂಡ್ಲೆ ಊರ ಮಗ್ಗೆಲ್ಲಾ ಖಟಪಟ ಅಂದ್ವು. ದೆವ್ವ ಎಲ್ಲಾರ ಮನಿಗೂ ಬಂತು ಅಂತ ಒದರಿದ್ದೆ.”

ಶೈಲಾಳ ಕಣ್ಣ ಮುಂದೆ ಆ ಸಂಜೆ ಪೂರ್ತಿ ಬಂದು ನಿಂತಿತು. ಊರ ಈ ತುದಿಯಲ್ಲಿ ಕತ್ತಲಾದ ಟೀವಿಯ ಮುಂದೆ ಕಾಲು ಬಡಿಯುತ್ತಿದ್ದ ತಾನು. ಆ ತುದಿಯಲ್ಲಿ ಉರಿಯುತ್ತಿರುವ ಟೀವಿ ಬಿಟ್ಟು ಓಡುತ್ತಿದ್ದ ಇವನು.

“ಅಂದ್ರ ನಾವಿಬ್ರೂ ನೋಡಿದ್ದು ಅದ ಅರ್ಧಾನ,” ಎಂದಳು.

“ಹೂಂ. ಬರೋಬ್ಬರಿ ಅಷ್ಟ.”

ಅಷ್ಟರಲ್ಲಿ ಕರೆಂಟು ಬಂತು. ಸ್ವಿಚ್ಚು ಆರಿಸದೆ ಬಿಟ್ಟಿದ್ದ ಮಗ್ಗಗಳೆಲ್ಲ ಒಮ್ಮೆಲೇ ಖಟಪಟ ಎಂದವು. ಭೀಮಶಿ ಬೆಚ್ಚಿಬಿದ್ದು ಮೇಜಿನ ಮೇಲಿದ್ದ ಶೈಲಾಳ ಕೈ ಗಟ್ಟಿಯಾಗಿ ಹಿಡಿದುಕೊಂಡ. ಹನ್ನೊಂದು ಕೆವಿ ಲೈನ್ ಮುಟ್ಟುವ ಗಂಡಸು! ಶೈಲಾ ತಡೆಯಲಾರದೆ ನಕ್ಕಳು. ಕಣ್ಣಲ್ಲಿ ನೀರು ಬರುವತನಕ ನಕ್ಕಳು. ಕೈ ಮಾತ್ರ ಬಿಡಿಸಿಕೊಳ್ಳಲಿಲ್ಲ.

“ಬುಧವಾರ ನಿಮ್ಮ ಅವ್ವಾರು ಎಲ್ಲಾ ಹೇಳ್ಯಾರ,” ಎಂದಳು. “ಇವತ್ತ ನೀವು ಏನರ ಕಟ್ಟಿದ್ರ, ಒಲ್ಲೆ ಅಂತ ಹೇಳಾಕ ತಯಾರಾಗಿ ಕುಂತಿದ್ದೆ.”

ಅವನ ಮುಖ ಬಿಳಿಚಿತು. “ಈಗ?”

ಉತ್ತರ ಕೊಡದೆ ಅವಳು ಎಡಗೈಯಿಂದಲೇ ಒಂದು ಹೊಸ ಗ್ರಾಫ್ ಕಾಗದ ಎಳೆದುಕೊಂಡಳು. ಬಲಗೈ ಅವನ ಹತ್ತಿರ ಇತ್ತಲ್ಲ! ಕೊನೆಗೆ ಅದನ್ನೂ ಮೆಲ್ಲನೆ ಬಿಡಿಸಿಕೊಂಡು ಪೆನ್ಸಿಲ್ ಹಿಡಿದಳು. ಸೆರಗಿನ ಮೂಲೆಯಲ್ಲಿ ಒಂದೊಂದೇ ಚೌಕ ತುಂಬತೊಡಗಿದಳು. ಒಂದು ಚೌಕ ಅಂದರೆ ಒಂದು ಎಳೆ.

“ಏನ್ರಿ ಅದು?”

“ಮಗ್ಗದ ಕಥಿ ಕಡೀ ಭಾಗ. ಎಲ್ಲಾ ನೀವ ಕಟ್ಟಬೇಕೇನು? ಇದೊಂದ ನಾ ಕಟ್ತೀನಿ.”

ಅವನು ಕುತ್ತಿಗೆ ಓರೆ ಮಾಡಿ ನೋಡಿದ. ಒಂದು ಅಕ್ಷರ ಮೂಡಿತು, ಮತ್ತೊಂದು ಮೂಡಿತು. ಮೂರನೆಯದು ಮುಗಿಯುವ ಮೊದಲೇ ಅವನ ಕಿವಿ ಕೆಂಪಾದವು. ಈ ಸಲ ಕೆರೆದುಕೊಳ್ಳದೆಯೇ.

“ನನ್ನ ಹೆಸರಾ?”

“ಹೂಂ. ಇದೂ ಸುಳ್ಳ,” ಎಂದಳು ಶೈಲಾ, ತಲೆ ಎತ್ತದೆ. “ಸೀರಿ ನೇಯಿಸಿ, ಉಡಿಸಿ, ಖರೆ ಮಾಡೂದು ನಿಮ್ಮ ಕೈಯಾಗೈತಿ.”

ಭೀಮಶಿ ಆ ಹೆಸರಿನ ಮೇಲೊಮ್ಮೆ ಬೆರಳಾಡಿಸಿದ. ಸುಮ್ಮನೆ ತಲೆಯಾಡಿಸಿದ. ಈ ಸಲ ತಲೆ ಬಲು ಬೇಗ ಆಡಿತು.

ಹೊಸ್ತಿಲ ಮೇಲೆ ರಾಟೆ ನಿಂತಿತ್ತು. “ಮುಂದ?” ಎಂದಳು ಹಣಮವ್ವ.

“ಮುಂದ ಏನೈತಿ ಆಯಿ,” ಎಂದಳು ಶೈಲಾ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು. “ಅಪ್ಪಗ ಕರಿ, ಲಗ್ನದ ದಿನಾ ನೋಡಾಕ ಹೇಳು.”