ಶೀತಲ ಗೋದಾಮಿನ ಹೊಸ ಲೈನು

ಭಾವ ಸತ್ತ ಶೀತಲ ಗೋದಾಮಿಗೆ ನಾನು ಕೆಲಸಕ್ಕೆ ಹೋದದ್ದು ಮಟಮಟ ಮಧ್ಯಾಹ್ನ. ಅಲ್ಲಿನ ಬಾಗಿಲುಗಳೆಲ್ಲ ನೆಟ್‌ವರ್ಕಿನಿಂದ ನಡೆಯುತ್ತವೆ. ಅದು ಕೈಕೊಟ್ಟ ದಿನ ಭಾವ ಒಳಗೇ ಸಿಕ್ಕಿಕೊಂಡು ಮರಗಟ್ಟಿ ಹೋಗಿದ್ದರು. ನೆಟ್‌ವರ್ಕ್ ಸತ್ತರೂ ಹೊರಗಿನಿಂದ ರೌಟರಿಗೆ ಸಂಪರ್ಕ ಪಡೆದು ಬಾಗಿಲು ತೆರೆಯಲು ಪ್ರತ್ಯೇಕ ಲೈನು ಬೇಕೆಂದು ಅವರು ಮೊದಲೇ ಗೋಗರೆದಿದ್ದರು. ಆಗ "ದಂಡದ ಖರ್ಚು" ಎಂದಿದ್ದ ಯಜಮಾನರೇ ಈಗ ನನ್ನ ಪಕ್ಕ ನಿಂತು ಅದನ್ನು ಹಾಕಿಸುತ್ತಿದ್ದರು. ನಾನು ಯಾರೆಂದು ಅವರಿಗೆ ಗೊತ್ತಿರಲಿಲ್ಲ.

ಹೊಸ ಲೈನಿನ ಸಿಮ್ ಮೋಡೆಮ್ಮಿಗೂ ರೌಟರಿಗೂ ಕೇಬಲ್ ಸಿಕ್ಕಿಸಿದೆ. ಬೆಚ್ಚಗಿರಬೇಕಾದ ರೌಟರು ಕೈಗೆ ತಣ್ಣಗೆ ಕೊರೆಯಿತು. ಒಳಗಿನ ಶೀತಲ ಕೋಣೆಯಲ್ಲಿ ಯಾರೋ ಕೆಮ್ಮಿದರು. ಭಾವ ಕೆಮ್ಮುತ್ತಿದ್ದುದು ಹಾಗೆಯೇ.

"ಯಾರ್ರೀ ಅದು ಒಳಗೆ?" ಎಂದು ಗದರುತ್ತಾ ಯಜಮಾನರು ಹೋದರು. ಅವರ ಹಿಂದೆ ಬಾಗಿಲು ಮುಚ್ಚಿಕೊಂಡಿತು.

"ತೆಗಿಯೋ! ಬೇಗ ತೆಗಿ!"

ಲ್ಯಾಪ್‌ಟಾಪಿನಿಂದ ಬಾಗಿಲು ತೆರೆಯಲು ನೋಡಿದೆ. ಹೊಸ ಲೈನಿನಲ್ಲಿ ಬೇರೊಬ್ಬರಿದ್ದಾರೆ, ಕಾಯಿರಿ ಎಂದು ಪರದೆಯ ಮೇಲೆ ಬಂತು. ಆ ಲೈನಿಗೆ ನಾನಿನ್ನೂ ಸಿಮ್ಮೇ ಹಾಕಿರಲಿಲ್ಲ. ಸನ್ನೆಕೋಲು ತಂದ ಕೆಲಸಗಾರರಿಗೂ ಬಾಗಿಲು ಜಗ್ಗಲಿಲ್ಲ. ದಿಕ್ಕು ತೋಚದೆ ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

ಅಕ್ಕ ಅಳಲಿಲ್ಲ. "ನೀನು ಸುಮ್ನಿರು ಪುಟ್ಟಾ. ಸಾಕು ಅನ್ಸಿದಾಗ ನಿಮ್ಮ ಭಾವನೇ ತೆಗೀತಾರೆ," ಎಂದಳು.

ಕೊನೆಗೆ ಬಾಗಿಲು ತಾನಾಗಿ ತೆರೆಯಿತು. ಯಜಮಾನರ ಜೀವ ಉಳಿಯಿತು, ಬೆರಳುಗಳು ಉಳಿಯಲಿಲ್ಲ. ಆಮೇಲೆ ಅವರು ಬಡಗಿಯನ್ನು ಕರೆಸಿ ಮನೆಯ ಬಾಗಿಲುಗಳನ್ನೆಲ್ಲ ಕಳಚಿಸಿ ಹಾಕಿದರು. ಆದರೂ ಆ ಮನೆಯಲ್ಲಿ ಬಾಗಿಲು ತಟ್ಟುವ ಸದ್ದು ಕೇಳಿಸುತ್ತಲೇ ಇದೆಯಂತೆ.